ಮೂರೇ ದಿನ ರಜೆಯಿದ್ದರೆ 22, 23, 24 ತೆಗೆದುಕೊಳ್ಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಘಟ್ಟ ಇಳಿಯುವವರ ಪತ್ರಗಳು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕೆಲಸ, ಸಂಸಾರ. ಕ್ರಿಸ್‌ಮಸ್ ಬಂದರೆ ಮನಸ್ಸೆಲ್ಲ ಕಡಲ ಬದಿಯ ಮನೆಯಲ್ಲಿ. ನಾನೂ ಕಾರವಾರದ ಹತ್ತಿರ ಹುಟ್ಟಿ, ಮದುವೆಯಾಗಿ ಬೆಳಗಾವಿಯ ಕ್ಯಾಂಪಿಗೆ ಬಂದವಳು. ಆದ್ದರಿಂದ ಈ ಸಲದ ಪುಟವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಾನು ಗೋಕಾಕದ ಲಿಂಗಾಯತ ಮನೆತನದವಳು. ಮೇ ತಿಂಗಳಲ್ಲಿ ಕಾರವಾರದ ಕ್ಯಾಥೊಲಿಕ್ ಹುಡುಗನ ಜೊತೆ ಮದುವೆಯಾಯಿತು. ಇಬ್ಬರೂ ಬೆಳಗಾವಿಯಲ್ಲಿ ನೌಕರಿಯಲ್ಲಿದ್ದೇವೆ. ಅತ್ತೆಯ ಮನೆಯಲ್ಲಿ ಇದು ನನ್ನ ಮೊದಲ ಕ್ರಿಸ್‌ಮಸ್. ಅವರದು ಮೀನುಗಾರಿಕೆಯ ಮನೆ, ನಾನು ತತ್ತಿಯನ್ನೂ ಮುಟ್ಟುವವಳಲ್ಲ. ಯಾರ ಮನಸ್ಸೂ ನೋಯದಂತೆ ಹೇಗಿರಲಿ? ಚರ್ಚಿನಲ್ಲಿ ಏನು ಮಾಡಬೇಕು? ಏನು ಒಯ್ಯಲಿ?
— ಹೆಸರು ಬೇಡ, ಬೆಳಗಾವಿ

ಉತ್ತರ: ಮಗಳೇ, 25ರ ಬೆಳಿಗ್ಗೆ ಅತಿಥಿಯಂತೆ ಹೋಗಿ ಇಳಿಯಬೇಡ. 22ಕ್ಕೇ ಹೋಗು. ಆ ಮನೆಯ ಹಬ್ಬವಿರುವುದು 25ರ ಊಟದಲ್ಲಲ್ಲ, ಅದಕ್ಕೂ ಮೊದಲಿನ ಮೂರು ನಾಲ್ಕು ದಿನಗಳ ಕೆಲಸದಲ್ಲಿ. ಕೆಲಸಕ್ಕೆ ಕೈ ಹಾಕಿದ ಸೊಸೆಯನ್ನು ಯಾರೂ ಹೊರಗಿನವಳೆಂದು ನೋಡುವುದಿಲ್ಲ. ಮೀನು ತಿನ್ನುತ್ತಾಳೋ ಇಲ್ಲವೋ ಎಂಬ ಮಾತು ಆಮೇಲಿನದು.

ಕುಸ್ವಾರ್ ಎಂದು ಕರೆಯುವ ಹಬ್ಬದ ತಿಂಡಿಗಳ ಕೆಲಸ ನಡೆಯುವುದು ಆ ದಿನಗಳಲ್ಲೇ. ಮೈದಾಹಿಟ್ಟನ್ನು ತೆಂಗಿನಹಾಲಿನಲ್ಲಿ ಕಲಸಿ, ಸಣ್ಣ ಉಂಡೆಗಳನ್ನು ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಮಾಡಿ ಕರಿದರೆ ಕಿಡಿಯೊ. ಇದಕ್ಕೆ ಇಡೀ ಮನೆ ಚಾಪೆ ಹಾಸಿಕೊಂಡು ಕೂರುತ್ತದೆ: ಅಜ್ಜಿ, ನಾದಿನಿ, ಪಕ್ಕದ ಮನೆಯ ಮಕ್ಕಳು. ಯಾರ ಮದುವೆ, ಯಾರ ಜಗಳ, ಯಾರ ದೋಣಿಗೆ ಎಷ್ಟು ಸಾಲ ಎಂಬುದೆಲ್ಲ ಆ ಚಾಪೆಯ ಮೇಲೆಯೇ ತಿಳಿಯುತ್ತದೆ. ಇನ್ನು ನೆವ್ರಿ ನಿನಗೆ ಹೊಸದೇ ಅಲ್ಲ. ಹುರಿದ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ, ಗೋಡಂಬಿ ತುಂಬಿ ಅಂಚು ಮಡಿಚುವುದು ತಾನೇ? ನಾಗರಪಂಚಮಿಗೆ ಗೋಕಾಕದಲ್ಲಿ ಕರ್ಚಿಕಾಯಿ ಮಾಡಿದ ಕೈಗೆ ಅದು ತಾನಾಗಿ ಬರುತ್ತದೆ. ನಿನ್ನ ಅಂಚು ಅತ್ತೆಯದಕ್ಕಿಂತ ಚೆಂದ ಬಂದರೂ ಅಚ್ಚರಿಯಿಲ್ಲ.

ತತ್ತಿಯ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಕೇಕಿನಲ್ಲಿ, ಗುಲಾಬಿ ಹೂವಿನ ಅಚ್ಚಿನಲ್ಲಿ ಮಾಡುವ ರೋಸ್ ಕುಕ್ಕಿಯಲ್ಲಿ ತತ್ತಿ ಇದ್ದೇ ಇರುತ್ತದೆ. ಕಿಡಿಯೊ ಹಿಟ್ಟಿಗೆ ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ನೆವ್ರಿಗೆ, ಅಕ್ಕಿಯ ಲಾಡುವಿಗೆ ಸಾಮಾನ್ಯವಾಗಿ ಇಲ್ಲ. ಹಿಟ್ಟು ಕಲಸುವ ಮೊದಲೇ ಅತ್ತೆಗೆ ಹೇಳಿ ನಿನ್ನ ಪಾಲನ್ನು ಬೇರೆ ತೆಗೆದಿಡು. ಎಣ್ಣೆ ಹೊಸದಾಗಿರುವಾಗಲೇ ಅದನ್ನು ಮೊದಲು ಕರಿದುಕೋ. ತಟ್ಟೆಯ ಮುಂದೆ ಕೂತ ಮೇಲೆ ಬೇಡ ಎಂದರೆ ಬಡಿಸಿದವರಿಗೆ ನೋವಾಗುತ್ತದೆ. ಅಡುಗೆಯ ಮೊದಲು ಹೇಳಿದರೆ ಆಗುವುದಿಲ್ಲ. ಮೀನಿನ ಮಾತನ್ನು ನಿನ್ನ ಗಂಡ ಈಗಲೇ ಫೋನಿನಲ್ಲಿ ತಾಯಿಗೆ ತಿಳಿಸಲಿ. ಆ ಹೊಣೆ ಅವನದು, ನಿನ್ನದಲ್ಲ.

ಆದರೆ ಪಂಕ್ತಿ ಬಿಟ್ಟು ಬೇರೆ ಕೋಣೆಯಲ್ಲಿ ಊಟಕ್ಕೆ ಕೂರಬೇಡ. ಆವಿಯಲ್ಲಿ ಬೆಂದ, ಇಡ್ಲಿಯಂಥ ಸಾನ್ನಾಂ ಇರುತ್ತದೆ, ಅಲಸಂದೆಯ ಸಾರು ಮಾಡಿಸಿಕೊಳ್ಳಬಹುದು, ಹೊಟ್ಟೆ ತುಂಬುತ್ತದೆ. ಒಂದು ಮಾತು ತಿಳಿದಿರಲಿ: ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಳೆಗಾಲದ ಕಡಲಂತೂ ಒರಟು. ಆ ಬರಿಗೈಯ ತಿಂಗಳುಗಳನ್ನು ದಾಟಿದ ಮನೆಗೆ ಡಿಸೆಂಬರಿನ ಬಂಗಡೆ, ಇಸವಾಣ, ಸಿಗಡಿ ಎಂದರೆ ದುಡಿಮೆಯ ಫಲ. ಆ ವಾಸನೆಗೆ ಸೆರಗು ಮುಚ್ಚಿಕೊಳ್ಳಬೇಡ. ಅಭ್ಯಾಸವಿಲ್ಲದೆ ತಲೆ ಸುತ್ತಿದರೆ ಅಂಗಳಕ್ಕೆ ಹೋಗಿ ನಕ್ಷತ್ರ ಕಟ್ಟುವ ಹುಡುಗರಿಗೆ ದಾರ ಹಿಡಿದುಕೊಡು.

ಇನ್ನು ಚರ್ಚು. 24ರ ರಾತ್ರಿಯ ಬಲಿಪೂಜೆ, ಅಂದರೆ ಮಾಸ್, ಎಲ್ಲ ಕಡೆಯೂ ನಡುರಾತ್ರಿಯಲ್ಲೇ ಇರುವುದಿಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಅನೇಕ ಕಡೆ ಏಳು, ಎಂಟಕ್ಕೇ ಆರಂಭಿಸುತ್ತಾರೆ; ಸಮಯ ಕೇಳಿಕೊಂಡು ಸೀರೆ ಉಡು. ಎಲ್ಲರೂ ನಿಂತಾಗ ನಿಲ್ಲು, ಕೂತಾಗ ಕೂರು. ಮೊಣಕಾಲೂರುವಾಗ ನೀನು ಕೂತೇ ಇದ್ದರೆ ತಪ್ಪಲ್ಲ. ಪರಮಪ್ರಸಾದಕ್ಕೆ ಸಾಲು ಹೊರಟಾಗ ಮಾತ್ರ ಜಾಗ ಬಿಟ್ಟು ಏಳಬೇಡ. ಅದು ದೀಕ್ಷಾಸ್ನಾನ ಪಡೆದು, ಅದಕ್ಕೆಂದು ಸಿದ್ಧರಾದ ಕ್ಯಾಥೊಲಿಕರಿಗೆ ಕೊಡುವಂಥದ್ದು. ನಿನ್ನನ್ನು ದೂರ ಇಟ್ಟರೆಂದು ಭಾವಿಸಬೇಡ, ಅದು ಅವರ ನಂಬಿಕೆಯ ಒಳಮನೆ. ಪೂಜೆ ಮುಗಿದ ಮೇಲೆ ಬಾಲಯೇಸುವಿನ ಮೂರ್ತಿಗೆ ಮುತ್ತಿಡಲು ಜನ ಹೋಗುತ್ತಾರೆ. ಅಲ್ಲಿಗೆ ಎಲ್ಲರ ಜೊತೆ ಹೋಗಿ ಕೈ ಮುಗಿದು ಬಾ.

ಕಾರವಾರದಲ್ಲಿ ಪೂಜೆ ಕೊಂಕಣಿಯಲ್ಲಿರುತ್ತದೆ ಎಂಬ ಅಂಜಿಕೆ ಬೇಡ. ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೇರೆಯಾಗುವ ತನಕ ಆ ಊರೂ ಬೆಳಗಾವಿ ಧರ್ಮಪ್ರಾಂತ್ಯಕ್ಕೇ ಸೇರಿತ್ತು. ಭಾಷೆ ಬೇರೆಯಾದರೂ ಪೂಜೆಯ ಕ್ರಮ ಒಂದೇ. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳು ಆಗಮನ ಕಾಲ. ಅವುಗಳಲ್ಲೊಂದು ಭಾನುವಾರ ಬೆಳಗಾವಿಯಲ್ಲೇ ಗಂಡನ ಜೊತೆ ಕನ್ನಡದ ಬಲಿಪೂಜೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡು. ಗುರುಗಳು ಆಗ ನೇರಳೆ ಬಣ್ಣದ ಉಡುಪಿನಲ್ಲಿರುತ್ತಾರೆ, 24ರ ರಾತ್ರಿ ಬಿಳಿಗೆ ಬದಲಾಗುತ್ತದೆ. ಅಷ್ಟು ನೋಡಿಕೊಂಡು ಹೋದವಳಿಗೆ ಕಾರವಾರದಲ್ಲಿ ಗಾಬರಿಯಾಗುವುದಿಲ್ಲ.

ಒಯ್ಯುವುದಕ್ಕೆ ನಿಮ್ಮೂರಿನ ಕರದಂಟು ಇರುವಾಗ ಬೇರೇನು ಬೇಕು? ಬೆಲ್ಲ, ಅಂಟು, ಒಣಹಣ್ಣಿನ ತಿಂಡಿ, ವಾರಗಟ್ಟಲೆ ಕೆಡುವುದಿಲ್ಲ. ಬೆಳಗಾವಿಯ ಕುಂದಾ ಹಾಲಿನದು. ಕಡಲ ಬದಿಯ ಸೆಕೆಯಲ್ಲಿ ಬೇಗ ಹುಳಿಯುತ್ತದೆ, ಒಯ್ದ ದಿನವೇ ಹಂಚಿಬಿಡಬೇಕು. ಮತ್ತೆ ಎಳ್ಳಮಾವಾಸ್ಯೆ ಡಿಸೆಂಬರ್, ಜನವರಿಯ ಹೊತ್ತಿಗೇ ಬರುತ್ತದಲ್ಲವೇ? ನಿಮ್ಮ ಹೊಲದಲ್ಲಿ ಚರಗ ಚೆಲ್ಲುವ ದಿನ ಗಂಡನನ್ನು ಕರೆದುಕೊಂಡು ಹೋಗು. ಸಜ್ಜೆರೊಟ್ಟಿಯ ಬುತ್ತಿ ಹೊರುವ ಕೆಲಸ ಅವನಿಗಿರಲಿ. ಹಬ್ಬದ ಓಡಾಟ ಒಂದೇ ದಿಕ್ಕಿಗೆ ಆಗಬಾರದು.

ಪ್ರಶ್ನೆ: ಬೆಳಗಾವಿಯಿಂದ ಕಾರವಾರಕ್ಕೆ ಚಿಕ್ಕ ಮಕ್ಕಳೊಂದಿಗೆ ಕಾರಿನಲ್ಲಿ ಯಾವ ದಾರಿ ಹಿಡಿಯಲಿ?
— ಟಿಳಕವಾಡಿ, ಬೆಳಗಾವಿ

ಉತ್ತರ: ಚೋರ್ಲಾ ಘಾಟ್ ಬೇಡ, ಅದು ಸಾಖಳಿ, ಪಣಜಿಯ ಕಡೆಗೆ ಒಯ್ಯುತ್ತದೆ. ಖಾನಾಪುರದ ಮೇಲೆ ರಾಮನಗರಕ್ಕೆ ಬನ್ನಿ. ಅಲ್ಲಿಂದ ಅನಮೋಡ, ಮೊಲೆಮ್ ಮೂಲಕ ಗೋವಾಕ್ಕಿಳಿದು ಕಾಣಕೋಣದ ಮೇಲೆ ಕಾರವಾರ ಸೇರಬಹುದು. ಇಲ್ಲವೇ ಜೊಯಿಡಾ, ಅಣಶಿ, ಕದ್ರಾ ದಾರಿ. ಕ್ರಿಸ್‌ಮಸ್ ವಾರದಲ್ಲಿ ಗೋವಾ ರಸ್ತೆ ಪ್ರವಾಸಿಗರಿಂದ ತುಂಬಿರುತ್ತದೆ. ಆ ದಾರಿಯಲ್ಲೇ ಬರುವ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದದ್ದು ನಿಮಗೆ ನೆನಪಿರಬಹುದು. ನಾನು ಅಣಶಿಯನ್ನೇ ಆರಿಸುತ್ತೇನೆ. ತಿರುವುಗಳು ಬಹಳ, ಹುಲಿ ಸಂರಕ್ಷಿತ ಕಾಡು, ಅಂಗಡಿಗಳು ವಿರಳ. ಬೆಳಕಿರುವಾಗಲೇ ದಾಟಿ, ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ನೀರು ಜೊತೆಗಿರಲಿ. ರೈಲಾದರೆ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಮಡಗಾಂವ್, ಅಲ್ಲಿಂದ ಕೊಂಕಣ ರೈಲ್ವೆ. ಕಾರವಾರ ನಿಲ್ದಾಣ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ರಾತ್ರಿ ಇಳಿಯುವುದಾದರೆ ರಿಕ್ಷಾಕ್ಕೆ ಮೊದಲೇ ಹೇಳಿಟ್ಟುಕೊಳ್ಳಿ.

ಪ್ರಶ್ನೆ: ಬಾಗಲಕೋಟೆಯಲ್ಲಿ ನೌಕರಿ. ಹೆಂಡತಿಯ ತವರು ಹೊನ್ನಾವರದ ಹತ್ತಿರ. ಮೂರೇ ದಿನ ರಜೆ ಸಿಗುತ್ತದೆ. 26ರಿಂದ 28ರವರೆಗೆ ಹಾಕಿ, 25ರ ಬೆಳಿಗ್ಗೆ ಹೊರಡೋಣವೆಂದರೆ ಹೆಂಡತಿ ಮಾತು ಬಿಟ್ಟಿದ್ದಾಳೆ. ಹಬ್ಬದ ದಿನ ಹೋದರೆ ಸಾಲದೇ?
— ನವನಗರ, ಬಾಗಲಕೋಟೆ

ಉತ್ತರ: ಸಾಲದು. ಹೇಗೂ 25 ಸರಕಾರಿ ರಜೆ. 22, 23, 24 ರಜೆ ಹಾಕಿದರೆ ಹಬ್ಬವೂ ಸೇರಿ ನಾಲ್ಕು ದಿನ ಕೈಗೆ ಸಿಗುತ್ತವೆ. ನೀವು 25ರ ಬೆಳಿಗ್ಗೆ ಬಾಗಲಕೋಟೆ ಬಿಟ್ಟರೆ ಹೊನ್ನಾವರ ಮುಟ್ಟುವಾಗ ಊಟ ಮುಗಿದು, ಮನೆಯವರೆಲ್ಲ ರಾತ್ರಿಯ ನಿದ್ದೆಗೆಟ್ಟು ಮಲಗಿರುತ್ತಾರೆ. ತಿಂಡಿಯ ತಟ್ಟೆಗಳು ನೆರೆಮನೆಗಳಿಗೆ ಹೋಗಿ ಆಗಿರುತ್ತವೆ. ಉಳಿದ ಸೊರ್ಪೊತೆಲ್ (ಹಂದಿಮಾಂಸದ ಪದಾರ್ಥ) ಬಿಸಿ ಮಾಡಿ ಬಡಿಸುತ್ತಾರೆ, ಅಷ್ಟೇ.

22ಕ್ಕೆ ಹೋದರೆ ನಿಮ್ಮ ಮಕ್ಕಳಿಗೆ ಏನು ಸಿಗುತ್ತದೆ ನೋಡಿ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದು ಆ ದಿನಗಳಲ್ಲಿ. ಕೆಲವು ಮನೆಗಳಲ್ಲಿ ಹತ್ತು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತಿ ಮೊಳಕೆ ಬರಿಸಿರುತ್ತಾರೆ. ಗೋದಲಿಯ ಮುಂದೆ ಅದೇ ಹಸಿರು ಹೊಲ. ಹುಲ್ಲು ತರಬೇಕು, ಮರಳು ಹೊರಬೇಕು, ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡಬೇಕು. ದನ, ಕುರಿ, ಕುರುಬರು, ಮರಿಯ, ಜೋಸೆಫ್ ಎಲ್ಲರೂ ಬಂದು ನಿಂತರೂ ನಡುವಿನ ಜಾಗ ಖಾಲಿ ಇರುತ್ತದೆ. ಮಗುವನ್ನು ಅಲ್ಲಿ ಮಲಗಿಸುವುದು 24ರ ರಾತ್ರಿ, ಮನೆಯ ಅತಿ ಚಿಕ್ಕವರ ಕೈಯಿಂದ. ನಿಮ್ಮ ಮನೆಯ ಚಿಕ್ಕ ಮಗುವಿಗೆ ಆ ಭಾಗ್ಯ ತಪ್ಪಿಸಬೇಡಿ, ಸ್ವಾಮಿ. ನಿಮ್ಮ ಹೆಂಡತಿ ಮಾತು ಬಿಟ್ಟದ್ದು ಇದಕ್ಕೇ ಎಂದು ನನಗೆ ಗೊತ್ತು.

ಕಚೇರಿಯವರು ಆ ದಿನಗಳಲ್ಲಿ ರಜೆ ಕೊಡಲೊಲ್ಲರು ಎಂದಾದರೆ ಹೆಂಡತಿ, ಮಕ್ಕಳನ್ನು 21ಕ್ಕೇ ಕಳುಹಿಸಿ, ನೀವು ಜನವರಿ ಮೊದಲ ವಾರದಲ್ಲಿ ಹೋಗಿ ಕರೆತನ್ನಿ. ಚರ್ಚಿನ ಲೆಕ್ಕದಲ್ಲಿ ಕ್ರಿಸ್‌ಮಸ್ ಕಾಲ 25ಕ್ಕೆ ಮುಗಿಯುವುದಲ್ಲ, ಆ ದಿನ ಶುರುವಾಗುವುದು. ಜನವರಿ 6ರ ಸುಮಾರಿಗೆ ಮೂರು ರಾಜರ ಹಬ್ಬವಿದೆ, ಗೋದಲಿ ಅಲ್ಲಿಯವರೆಗೂ ಇರುತ್ತದೆ.

ಪ್ರಶ್ನೆ: ನನ್ನ ಯಜಮಾನರು ಹೋಗಿ ಎರಡು ವರ್ಷವಾಯಿತು. ಅಂಕೋಲಾ ಕಡೆಯ ಅವರ ಹಿರಿಯರ ಮನೆಗೆ ಅಂದಿನಿಂದ ಬೀಗ. ಈ ಸಲ ದುಬೈಯಿಂದ ಮಗ ಬರುತ್ತಿದ್ದಾನೆ. ಎಲ್ಲರೂ ಗೋವಾದ ರೆಸಾರ್ಟಿಗೆ ಹೋಗೋಣ, ನಿನಗೆ ಅಡುಗೆಯ ದಣಿವು ಬೇಡ ಎನ್ನುತ್ತಾನೆ. ನನಗೆ ಆ ಮನೆಯಲ್ಲಿ ಒಮ್ಮೆ ದೀಪ ಹಚ್ಚಬೇಕೆಂಬ ಆಸೆ. ಮಗನ ಮನಸ್ಸು ಮುರಿಯಲೂ ಇಷ್ಟವಿಲ್ಲ.
— ಓದುಗರೊಬ್ಬರು, ಖಾನಾಪುರ

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಮನೆ ತೆರೆಯಿರಿ. ನಿಮಗೆ ದಣಿವಾಗಬಾರದೆಂಬ ಮಗನ ಕಳಕಳಿ ನಿಜವಾದದ್ದು. ಅದನ್ನು ಒಪ್ಪಿಕೊಂಡೇ ನಿಮ್ಮ ಆಸೆಯನ್ನು ಅವನಿಗೆ ಹೇಳಿ. ‘ನಿನಗೆ ಹೇಗೆ ಬೇಕೋ ಹಾಗೆ’ ಎಂದು ಮಾತ್ರ ಹೇಳಬೇಡಿ. ನಾವು ತಾಯಂದಿರು ಹಾಗೆ ಹೇಳಿ ಹೇಳಿಯೇ ಮಕ್ಕಳಿಗೆ ನಮ್ಮ ಮನಸ್ಸು ತಿಳಿಯದಂತೆ ಮಾಡಿಬಿಡುತ್ತೇವೆ.

ಆದರೆ ಎರಡು ವರ್ಷ ಮುಚ್ಚಿದ ಮನೆಯನ್ನು 23ಕ್ಕೆ ತೆರೆದರೆ ಹಬ್ಬವೆಲ್ಲ ಕಸ ಗುಡಿಸುವುದರಲ್ಲಿ ಕಳೆಯುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಊರಿನ ಪರಿಚಯದವರೊಬ್ಬರಿಗೆ ಕೂಲಿ ಕೊಟ್ಟು ಬಾಗಿಲು ತೆಗೆಸಿ. ಉಪ್ಪುಗಾಳಿಗೆ ಬೀಗ, ಕೀಲು, ಕಿಟಕಿಯ ಸರಳು ತುಕ್ಕು ಹಿಡಿದಿರುತ್ತವೆ, ಎಣ್ಣೆ ಬಿಡಬೇಕು. ಎರಡು ಮಳೆಗಾಲ ಕಳೆದಿರುವುದರಿಂದ ಸರಿದ ಹಂಚು, ಗೆದ್ದಲು ಹತ್ತಿದ ಪಕಾಸಿಯನ್ನು ನೋಡಿಸಿ. ಬಾವಿಯ ನೀರು ಬಳಸದೆ ನಿಂತದ್ದು; ಎತ್ತಿ ತೆಗೆಸಿ, ಬ್ಲೀಚಿಂಗ್ ಪುಡಿ ಹಾಕಿಸಿ, ಕುಡಿಯಲು ಮಾತ್ರ ಬೇರೆ ನೀರು ತರಿಸಿ. ವಿದ್ಯುತ್ ತಂತಿಯನ್ನು ಇಲಿ ಕಡಿದಿರಬಹುದು, ತಿಳಿದವರು ನೋಡದೆ ಸ್ವಿಚ್ ಒತ್ತಬೇಡಿ. ಈ ಖರ್ಚನ್ನು ಮಗ ಕೊಡಲಿ. ರೆಸಾರ್ಟಿನ ದುಡ್ಡಿನಲ್ಲೇ ಆಗುತ್ತದೆ.

ಮನೆ ಮಲಗುವ ಸ್ಥಿತಿಯಲ್ಲಿ ಇರದಿದ್ದರೆ ರಾತ್ರಿ ಅಂಕೋಲಾದ ಲಾಡ್ಜಿನಲ್ಲಿ ತಂಗಿ, ಹಗಲು ಮನೆಯಲ್ಲಿರಿ. ಅಡುಗೆ ಎಲ್ಲವನ್ನೂ ನೀವೇ ಮಾಡಬೇಕಾಗಿಲ್ಲ. ಕುಸ್ವಾರ್ ಮಾಡಿ ಮಾರುವ ಹೆಣ್ಣುಮಕ್ಕಳು ಈಗ ಕರಾವಳಿಯ ಊರೂರಿನಲ್ಲೂ ಇದ್ದಾರೆ, ಅವರಿಗೆ ಮೊದಲೇ ಹೇಳಿಡಿ. ಯಜಮಾನರು ಇಷ್ಟಪಡುತ್ತಿದ್ದ ಒಂದು ಪದಾರ್ಥವನ್ನು ಮಾತ್ರ ನಿಮ್ಮ ಕೈಯಿಂದ ಮಾಡಿ, ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ. ಮಗನಿಗೆ ನಕ್ಷತ್ರ ಕಟ್ಟುವ ಕೆಲಸ ಕೊಡಿ. ಪ್ರತಿ ವರ್ಷ ಅದನ್ನು ಯಾರು ಕಟ್ಟುತ್ತಿದ್ದರೋ ನನಗೆ ತಿಳಿಯದು. ತಂದೆಯೇ ಆಗಿದ್ದರೆ ಅವನಿಗೆ ಏಣಿ ಹತ್ತಿದ ಮೇಲೆ ಬಹಳ ಮಾತು ನೆನಪಾಗುತ್ತದೆ. ಸಮಾಧಿಗೆ ಹೂವು, ಮೇಣದಬತ್ತಿ ಇಡಲು 24ರ ಸಂಜೆಗಿಂತ 23 ಒಳ್ಳೆಯದು. ಹಬ್ಬದ ಸಂಜೆ ಅಳು ಬಂದರೆ ಪೂಜೆಗೆ ತಡವಾಗುತ್ತದೆ, ಅಳುವುದಕ್ಕೂ ಸ್ವಲ್ಪ ಸಮಯ ಬೇಕು. ರೆಸಾರ್ಟಿಗೆ 27ಕ್ಕೆ ಎಲ್ಲರೂ ಹೋಗಿ ಬನ್ನಿ, ಅದೂ ಮಗನ ಆಸೆ.

ಪ್ರಶ್ನೆ: ಪಕ್ಕದ ಮನೆಯವರು ಮಂಗಳೂರು ಕಡೆಯವರು. ಪ್ರತಿ ಕ್ರಿಸ್‌ಮಸ್‌ಗೆ ತಟ್ಟೆ ತುಂಬ ತಿಂಡಿ ಕಳುಹಿಸುತ್ತಾರೆ. ನಾವು ಏನು ಕೊಡುವುದು ಚೆಂದ?
— ವಿಜಯಪುರ

ಉತ್ತರ: ಅಂದೇ ತಟ್ಟೆ ತುಂಬಿ ತಿರುಗಿಸುವ ಅವಸರ ಬೇಡ. ತೊಳೆದಿಟ್ಟುಕೊಂಡು ಸಂಕ್ರಾಂತಿಗೆ ಕುಸುರೆಳ್ಳು, ಶೇಂಗಾ ಹೋಳಿಗೆ ತುಂಬಿ ಕೊಡಿ. ಮೂರೇ ವಾರದ ಮಾತು. ಅವರು ಹಬ್ಬಕ್ಕೆ ಊರಿಗೆ ಹೊರಟಿದ್ದರೆ ಇಂಡಿ ತಾಲ್ಲೂಕಿನ ಲಿಂಬೆಹಣ್ಣು ಒಂದು ಚೀಲ ಕೊಟ್ಟು ಕಳುಹಿಸಿ. ಮೀನು ಹುರಿಯುವ ಮನೆಯಲ್ಲಿ ಅದಕ್ಕೆ ಬಹಳ ಬೆಲೆ. ನಿಮ್ಮ ಜಿಲ್ಲೆಯ ಒಣದ್ರಾಕ್ಷಿಯೂ ಆದೀತು. ಆದರೆ ಕೇಕಿನ ಹಣ್ಣುಗಳನ್ನು ವಾರಗಳ ಮೊದಲೇ ರಮ್ಮಿನಲ್ಲಿ ನೆನೆಹಾಕುತ್ತಾರೆ. ಕೇಕಿಗೆಂದು ಕೊಡುವುದಾದರೆ ಮುಂದಿನ ವರ್ಷ ದೀಪಾವಳಿಯ ಫರಾಳದ ಜೊತೆಗೇ ಕೊಟ್ಟುಬಿಡಿ.