ಓದುಗರ ಪ್ರಶ್ನೆ: ಬ್ಯಾರೆಲ್‌ಗೆ ಬಿಗಿ ಎಷ್ಟು?

ಪ್ರಶ್ನೆ: ನನ್ನ ರೆಮಿಂಗ್ಟನ್ 700 (.308) ರೈಫಲ್‌ಗೆ ಹೊಸ ಬ್ಯಾರೆಲ್ ಕೂರಿಸಬೇಕಾಗಿದೆ. ಒಬ್ಬರು 100 ಫುಟ್-ಪೌಂಡ್ ಬೇಕೇ ಬೇಕು ಅನ್ನುತ್ತಾರೆ, ಇನ್ನೊಬ್ಬರು ಕೈಯಲ್ಲಿ ತಿರುಗಿಸಿ ಮೇಲೊಂದು ಏಟು ಕೊಟ್ಟರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಆಸ್ಟಿನ್, ಟೆಕ್ಸಾಸ್

ಉತ್ತರ: ಏಟಿನ ಮಾತು ಬಿಡಿ, ಅದಕ್ಕೆ ಅಳತೆಯೇ ಇಲ್ಲ. ಈ ಆ್ಯಕ್ಷನ್‌ಗೆ (ಬೋಲ್ಟ್ ಓಡಾಡುವ, ಬ್ಯಾರೆಲ್ ತಿರುಗಿ ಕೂರುವ ಭಾಗ) 50ರಿಂದ 100 ಫುಟ್-ಪೌಂಡ್‌ವರೆಗೆ ಹಾಕುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ 65-70, ಅಂದರೆ ಸುಮಾರು 90 ನ್ಯೂಟನ್-ಮೀಟರ್, ಧಾರಾಳವಾಯಿತು. ಬಲಕ್ಕೆ ಸುತ್ತುವ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು) ಇರುವ ಬ್ಯಾರೆಲ್‌ನಲ್ಲಿ ಗುಂಡು ತಿರುಗುವಾಗ ಹುಟ್ಟುವ ಎದುರು ಬಲ ಬ್ಯಾರೆಲ್ಲನ್ನು ಬಿಗಿಯುವ ಕಡೆಗೇ ತಳ್ಳುತ್ತದೆ, ಸಡಿಲಿಸುವುದಿಲ್ಲ. ಬ್ಯಾರೆಲ್‌ನ ಭುಜ (ಥ್ರೆಡ್ ಮುಗಿಯುವಲ್ಲಿನ ಮೆಟ್ಟಿಲು) ಅಲುಗಾಡದೆ ಒತ್ತಿ ಕೂರುವಷ್ಟು ಬಿಗಿಯಿದ್ದರೆ ಸಾಕು. ಅದಕ್ಕಿಂತ ಹೆಚ್ಚು ಬಿಗಿದರೆ ಗುರಿ ಸುಧಾರಿಸುವುದಿಲ್ಲ. ಮುಂದೆ ಬಿಚ್ಚುವವರು ಒದ್ದಾಡಬೇಕಾಗುತ್ತದೆ, ಅಷ್ಟೇ.

ಸಂಖ್ಯೆಗಿಂತ ಥ್ರೆಡ್‌ನ ಸ್ಥಿತಿ ಮುಖ್ಯ. ಒಣ ಥ್ರೆಡ್‌ನಲ್ಲಿ ಹಾಕಿದ ಬಲದ ಬಹುಪಾಲು ಉಜ್ಜಾಟಕ್ಕೇ ಹೋಗುತ್ತದೆ. ಅದೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಗ್ರೀಸ್ ಹಚ್ಚಿದ ಥ್ರೆಡ್ ಒಣ ಥ್ರೆಡ್‌ಗಿಂತ ಎಷ್ಟೋ ಹೆಚ್ಚು ಹಿಡಿತ ಕೊಡುತ್ತದೆ. ಸ್ಟೇನ್‌ಲೆಸ್ ಬ್ಯಾರೆಲ್ಲನ್ನು ಸ್ಟೇನ್‌ಲೆಸ್ ಆ್ಯಕ್ಷನ್‌ಗೆ ಒಣದಾಗಿ ತಿರುಗಿಸಿದರೆ ಎರಡೂ ಲೋಹ ಕಚ್ಚಿಕೊಂಡು ಥ್ರೆಡ್ ಕಿತ್ತುಬರುವುದೂ ಉಂಟು. ಆದ್ದರಿಂದ ಎರಡೂ ಕಡೆಯ ಥ್ರೆಡ್ಡನ್ನು ಬ್ರಷ್ ಹಾಕಿ ಉಜ್ಜಿ, ಸಾಲ್ವೆಂಟ್‌ನಲ್ಲಿ ಜಿಡ್ಡು ತೆಗೆದು, ಮಾಲಿಬ್ಡಿನಮ್ ಗ್ರೀಸನ್ನೋ ಆ್ಯಂಟಿ-ಸೀಜನ್ನೋ ತೆಳುವಾಗಿ ಸವರಿ. ಭುಜದ ಮುಖಕ್ಕೂ ಸ್ವಲ್ಪ ತಾಗಿಸಿ. ಅಲ್ಲೊಂದು ಲೋಹದ ಚೂರು ಸಿಕ್ಕಿಬಿದ್ದರೂ ಟಾರ್ಕ್ ರೆಂಚ್ ‘ಟಕ್’ ಅನ್ನುತ್ತದೆ, ಭುಜ ಮಾತ್ರ ಕೂತಿರುವುದಿಲ್ಲ.

ರೆಮಿಂಗ್ಟನ್‌ನಲ್ಲಿ ರಿಕಾಯ್ಲ್ ಲಗ್, ಅಂದರೆ ಹಿನ್ನೊದೆತವನ್ನು ಸ್ಟಾಕ್‌ಗೆ (ಕೋವಿಯನ್ನು ಹಿಡಿಯುವ ಮರ ಅಥವಾ ಪ್ಲಾಸ್ಟಿಕ್ ಭಾಗ) ದಾಟಿಸುವ ತಟ್ಟೆ, ಬೇರೆಯೇ ತುಂಡು. ಬ್ಯಾರೆಲ್ ಭುಜಕ್ಕೂ ರಿಸೀವರ್‌ಗೂ (ಆ್ಯಕ್ಷನ್‌ನ ಒಡಲು) ನಡುವೆ ಅದು ಸಿಕ್ಕಿಕೊಳ್ಳುತ್ತದೆ. ಬಿಗಿಯುವಾಗ ತಿರುಗಿಹೋಗದಂತೆ ಜಿಗ್‌ನಿಂದಲೋ ಪಿನ್‌ನಿಂದಲೋ ಹಿಡಿದಿಡಿ; ಓರೆಯಾದರೆ ಸ್ಟಾಕ್‌ನೊಳಗೆ ಕೂರುವುದಿಲ್ಲ. ಬ್ಯಾರೆಲ್ಲನ್ನು ಬ್ಯಾರೆಲ್ ವೈಸ್‌ನಲ್ಲಿ ಹಿಡಿಸಿ, ಆ್ಯಕ್ಷನ್ ರೆಂಚನ್ನು ಮುಂದಿನ ಉಂಗುರದ ಮೇಲೇ ಹಾಕಿ. ಹಿಂದಿನ ತೆಳು ಭಾಗವನ್ನು ಹಿಡಿದು ತಿರುಗಿಸಿದರೆ ರಿಸೀವರ್ ತಿರುಚಿಕೊಂಡು ಬೋಲ್ಟ್ ಹಿಡಿದುಕೊಳ್ಳುತ್ತದೆ. ಬಿಗಿಯನ್ನು ಒಂದೇ ಸಮನಾದ ಎಳೆತದಲ್ಲಿ ಮುಗಿಸಿ. ನಡುವೆ ನಿಲ್ಲಿಸಿದರೆ ಮತ್ತೆ ಹೊರಡಿಸುವ ಬಲವನ್ನೇ ರೆಂಚ್ ಓದುತ್ತದೆ.

ಟಾರ್ಕ್ ರೆಂಚಿನ ನೇರಕ್ಕೆ ಇನ್ನೊಂದು ತೋಳು ಸೇರಿಸಿದರೆ ಲೆಕ್ಕ ಬದಲಾಗುತ್ತದೆ. 16 ಇಂಚಿನ ರೆಂಚಿಗೆ 2 ಇಂಚಿನ ಅಡಾಪ್ಟರ್ ನೇರವಾಗಿ ಸೇರಿಸಿ 60ಕ್ಕೆ ಇಟ್ಟರೆ ನಿಜವಾಗಿ ಬೀಳುವುದು 67.5. ಅಡಾಪ್ಟರನ್ನು 90 ಡಿಗ್ರಿಗೆ ಅಡ್ಡ ತಿರುಗಿಸಿದರೆ ವ್ಯತ್ಯಾಸವೇ ಇರುವುದಿಲ್ಲ.

ಬಿಗಿದ ಮೇಲೆ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ನ ಮುಖದಿಂದ ತೋಟಾ ಬ್ಯಾರೆಲ್‌ನೊಳಗೆ ತಡೆದು ನಿಲ್ಲುವ ಜಾಗದವರೆಗಿನ ಅಂತರ) ನೋಡದೆ ಒಂದು ತೋಟಾವನ್ನೂ ಹಾರಿಸಬೇಡಿ. ಬೋಲ್ಟ್‌ನಿಂದ ಫೈರಿಂಗ್ ಪಿನ್ ಜೋಡಣೆ, ಎಜೆಕ್ಟರ್ ಎರಡನ್ನೂ ತೆಗೆದು, ಬೆರಳ ತುದಿಯಿಂದ ಮೆಲ್ಲಗೆ ಮುಚ್ಚಿ. .308ರ ‘ಗೋ’ ಗೇಜ್ (1.630 ಇಂಚು) ಮೇಲೆ ಬೋಲ್ಟ್ ಮುಚ್ಚಬೇಕು, ‘ನೋ-ಗೋ’ (1.634) ಮೇಲೆ ಮುಚ್ಚಬಾರದು. ಕೈಬಿಗಿಯಲ್ಲಿ ಸರಿ ಬಂದದ್ದು ಟಾರ್ಕ್ ಹಾಕಿದ ಮೇಲೆ ಭುಜ ಒತ್ತಿಕೊಂಡು ಕೊಂಚ ಕಿರಿದಾಗುತ್ತದೆ. ಕೊನೆಯ ಅಳತೆ ಪೂರ್ತಿ ಬಿಗಿದ ನಂತರದ್ದೇ ಆಗಿರಲಿ.

ಪ್ರಶ್ನೆ: ಸ್ಟಾಕ್‌ಗೆ ಆ್ಯಕ್ಷನ್ ಹಿಡಿಸುವ ಸ್ಕ್ರೂಗೂ 65 ಅಂತ ಓದಿದೆ. ಅದೇ ರೆಂಚ್ ನಡೆಯುತ್ತದೆಯೇ?

ಉತ್ತರ: ಖಂಡಿತ ಬೇಡ. ಅದು 65 ಇಂಚ್-ಪೌಂಡ್, ಹೆಚ್ಚೆಂದರೆ ಐದೂವರೆ ಫುಟ್-ಪೌಂಡ್. ದೊಡ್ಡ ರೆಂಚಿನಲ್ಲಿ 65 ಇಟ್ಟರೆ ಸ್ಕ್ರೂ ತಲೆ ಕೈಗೆ ಬರುತ್ತದೆ. ಈ 65 ಕೂಡ ಅಲ್ಯೂಮಿನಿಯಂ ಪಿಲ್ಲರ್ (ಸ್ಕ್ರೂ ಸುತ್ತ ಕೂರಿಸಿದ ಲೋಹದ ಕೊಳವೆ) ಇರುವ ಸ್ಟಾಕ್‌ಗೆ ಮಾತ್ರ; ಪಿಲ್ಲರ್ ಇಲ್ಲದ ಮರದ ಸ್ಟಾಕ್‌ಗೆ 35-45 ಸಾಕು, ಜಾಸ್ತಿಯಾದರೆ ಮರ ತಗ್ಗುತ್ತದೆ.

ಪ್ರಶ್ನೆ: ನಮ್ಮ ಮನೆಯ ಜೋಡಿ ನಳಿಗೆಯ ತೋಟಾ ಕೋವಿಯ ನಳಿಗೆ ಸಡಿಲವಾದಂತಿದೆ. ಮನೆಯಲ್ಲೇ ಬಿಗಿಸಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಬಗ್ಗಿಸಿ ತೋಟಾ ಹಾಕುವ ಕೋವಿಯಲ್ಲಿ ನಳಿಗೆ ಥ್ರೆಡ್‌ನಿಂದ ಕೂರುವುದಿಲ್ಲ; ಕೆಳಗಿನ ಕೊಕ್ಕೆ ಹಿಂಜ್ ಪಿನ್‌ಗೆ ಸಿಕ್ಕಿ ನಿಂತಿರುತ್ತದೆ. ಬಿಗಿಸಲು ಅಲ್ಲಿ ಏನೂ ಇಲ್ಲ. ತೋಟಾ ಇಲ್ಲವೆಂದು ಕಣ್ಣಾರೆ ನೋಡಿ, ಮುಂದಿನ ಮರ ಬಿಚ್ಚಿ, ಕೋವಿ ಮುಚ್ಚಿ, ಹಿಡಿಯನ್ನು ಹಿಡಿದು ಅಲ್ಲಾಡಿಸಿ. ಮುಂದಿನ ಮರದ ಸ್ಪ್ರಿಂಗ್ ಸವೆತವನ್ನು ಮುಚ್ಚಿಡುತ್ತದೆ, ಅದಕ್ಕೇ ಬಿಚ್ಚಿ ನೋಡುವುದು. ‘ಕಟಕಟ’ ಎಂದರೆ ಪಿನ್ ಅಥವಾ ಕೊಕ್ಕೆ ಸವೆದಿದೆ, ಹಾರಿಸುವುದನ್ನು ನಿಲ್ಲಿಸಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಹೊಂದುವುದಕ್ಕೆ. ರಿಪೇರಿ ಕೆಲಸಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು, ಹಾಗಾಗಿ ಅದನ್ನು ಪಡೆದ ಗನ್‌ಸ್ಮಿತ್ ಹತ್ತಿರವೇ ಒಯ್ಯಿರಿ.