ಒಸೊಟೊ ಗಾರಿ: ಕಾಲಿಗಿಂತ ಮೊದಲು ಎದೆ ಹೋಗಲಿ

ಪ್ರಶ್ನೆ: ಮೇಡಂ, ಜೂಡೊದಲ್ಲಿ ನಾನು ಹಸಿರು ಬೆಲ್ಟ್. ಎದುರಾಳಿಯ ಕಾಲನ್ನು ಹೊರಗಡೆಯಿಂದ ಬೀಸಿ ಹಿಂದಕ್ಕೆ ಕೆಡವುವ ಒಸೊಟೊ ಗಾರಿ ಅಭ್ಯಾಸದಲ್ಲಿ ಚೆನ್ನಾಗಿಯೇ ಬರುತ್ತದೆ. ರಾಂಡೊರಿಯಲ್ಲಿ, ಅಂದರೆ ಇಬ್ಬರೂ ಮುಕ್ತವಾಗಿ ಸೆಣಸುವ ಅಭ್ಯಾಸದಲ್ಲಿ, ನನಗಿಂತ ತೂಕದವರ ಮೇಲೆ ಹಾಕಲು ಹೋದರೆ ನಾನೇ ಅಂಗಾತ ಬೀಳುತ್ತೇನೆ. ಕಾಲಿಗೆ ಇನ್ನೂ ಶಕ್ತಿ ಬರಬೇಕಾ?

ಉತ್ತರ: ಬೇಡ. ಕಾಲಿನ ಶಕ್ತಿ ಆಮೇಲೆ ನೋಡೋಣ. ನೀವು ಕಾಲು ಬೀಸುವ ಹೊತ್ತಿಗೆ ನಿಮ್ಮ ಎದೆ ಎಲ್ಲಿರುತ್ತದೆ, ಅದನ್ನು ಹೇಳಿ.

ನನ್ನ ಊಹೆ ಹೀಗಿದೆ. ನಿಮ್ಮ ಎಡಗಾಲು ದೂರದಲ್ಲೇ ನಿಂತಿದೆ. ಬಲಗಾಲು ಮಾತ್ರ ಉದ್ದಕ್ಕೆ ಚಾಚಿಕೊಂಡು ಅವರ ಕಾಲನ್ನು ಹುಡುಕುತ್ತಿದೆ. ಆ ಚಾಚುವ ಭರದಲ್ಲಿ ತಲೆ ಹಿಂದಕ್ಕೆ ವಾಲಿದೆ. ಈಗ ಯೋಚನೆ ಮಾಡಿ: ಇಬ್ಬರ ಬಲಗಾಲೂ ಒಂದಕ್ಕೊಂದು ಸಿಕ್ಕಿಕೊಂಡಿವೆ, ಇಬ್ಬರ ಭಾರವೂ ಹೆಚ್ಚುಕಡಿಮೆ ಒಂದೊಂದೇ ಕಾಲಿನ ಮೇಲಿದೆ. ನೀವು ಅವರನ್ನು ಕೆಡವಬಹುದು, ಅವರೂ ನಿಮ್ಮನ್ನು ಕೆಡವಬಹುದು. ಯಾರ ಎದೆ ಮುಂದಿದೆಯೋ ಅವರದ್ದು ಗೆಲುವು. ತೂಕದವರು ಸುಮ್ನೆ ಮುಂದಕ್ಕೆ ಒರಗಿದರೂ ಸಾಕು, ನೀವು ಕೆಳಗೆ.

ಬಲಗೈಯವರ ಲೆಕ್ಕದಲ್ಲಿ ಹೇಳುತ್ತೇನೆ. ಎಡಗೈ ಅವರ ಬಲತೋಳನ್ನು ಮೊಣಕೈ ಹತ್ತಿರ ಹಿಡಿದಿದೆ, ಬಲಗೈ ಕಾಲರ್ ಹಿಡಿದಿದೆ. ಎಡಗಾಲನ್ನು ಅವರ ಬಲಪಾದದ ಪಕ್ಕಕ್ಕೆ, ಸಾಲಾಗಿ, ಆದರೆ ಸ್ವಲ್ಪ ಮುಂದಕ್ಕೇ ಇಡಿ. ಹೆದರಿಕೊಂಡು ಗೇಣು ಹಿಂದೆ ಇಟ್ಟರೆ ಪಟ್ಟು ಅಲ್ಲಿಗೇ ಕೆಟ್ಟಿತು. ಪಾದ ನೆಲ ಮುಟ್ಟುವಾಗಲೇ ತೋಳನ್ನು ನಿಮ್ಮ ಸೊಂಟದ ಕಡೆಗೆ ಕೆಳಕ್ಕೆ ಎಳೆಯಿರಿ. ಕಾಲರ್ ಹಿಡಿದ ಮುಷ್ಟಿ ಅವರ ಕತ್ತಿನ ಬುಡದಿಂದ ಬಲ ಹಿಂಭಾಗಕ್ಕೆ ಒತ್ತಲಿ. ನಿಮ್ಮ ಬಲ ಎದೆ ಅವರ ಬಲ ಎದೆಗೆ ಅಂಟಬೇಕು, ನಡುವೆ ಕೈ ತೂರಿಸಲೂ ಜಾಗ ಇರಬಾರದು.

ಇಲ್ಲಿ ಒಂದು ಕ್ಷಣ ಅವರ ಬಲಪಾದ ನೋಡಿ. ಅಭ್ಯಾಸದಲ್ಲಾದರೂ ನೋಡಿ, ಪಂದ್ಯದಲ್ಲಿ ಅದಕ್ಕೆ ಪುರಸೊತ್ತಿಲ್ಲ. ಭಾರ ಹಿಮ್ಮಡಿಗೆ ಹೋಗಿದ್ದರೆ ಕಾಲ್ಬೆರಳುಗಳು ಮ್ಯಾಟ್ ಬಿಟ್ಟು ಮೇಲೆದ್ದಿರುತ್ತವೆ. ಹೆಬ್ಬೆರಳು ಇನ್ನೂ ಮ್ಯಾಟನ್ನು ಒತ್ತಿಕೊಂಡಿದ್ದರೆ ಕಾಲು ಬೀಸಬೇಡಿ. ನನ್ನ ಹುಡುಗರಿಗೆ ಉಚಿಕೊಮಿ (ಕೆಡವದೆ ಪಟ್ಟನ್ನು ಮತ್ತೆ ಮತ್ತೆ ಹಾಕುವ ಅಭ್ಯಾಸ) ಮಾಡಿಸುವಾಗ ನಾನು ಮಂಡಿಯೂರಿ ಕೂತು ಈ ಬೆರಳುಗಳನ್ನೇ ನೋಡುತ್ತಿರುತ್ತೇನೆ. ಬೆರಳು ಏಳದೆ ಬೀಸಿದವರಿಗೆ ಆ ಸಲದ ಲೆಕ್ಕವಿಲ್ಲ, ಮೊದಲಿಂದ ಮಾಡಬೇಕು. ಅವರಿಗೆ ಇದು ಇಷ್ಟವಾಗುವುದಿಲ್ಲ.

ಬೆರಳು ಎದ್ದಿತು ಅಂದರೆ ಉಳಿದದ್ದು ಸುಲಭ. ಬಲಗಾಲನ್ನು ಅವರ ಪಕ್ಕದಿಂದ ಮುಂದಕ್ಕೆ ತೂರಿಸಿ, ಪಾದದ ತುದಿ ಚೂಪಾಗಿಟ್ಟು, ಹಿಂದಕ್ಕೆ ಬೀಸಿ. ನಿಮ್ಮ ತೊಡೆಯ ಹಿಂಭಾಗ ಅವರ ತೊಡೆಯ ಹಿಂಭಾಗಕ್ಕೆ ಸಿಗಬೇಕು. ಬರೀ ಮೀನಖಂಡಕ್ಕೆ ಕೊಕ್ಕೆ ಹಾಕಿ ಎಳೆದರೆ ಅದು ತೂಕದವರಿಗೆ ಏನೂ ಅಲ್ಲ. ಕಾಲು ಮೇಲೆ ಹೋದಷ್ಟೂ ನಿಮ್ಮ ತಲೆ ಮುಂದೆ ಕೆಳಗೆ ಹೋಗಬೇಕು, ತಕ್ಕಡಿಯ ಎರಡು ತಟ್ಟೆಗಳ ಹಾಗೆ.

ಇನ್ನೂ ಒಂದು ಮಾತು. ಗಟ್ಟಿಯಾಗಿ ನಿಂತ ದೊಡ್ಡವರ ಮೇಲೆ ನೇರವಾಗಿ ಒಸೊಟೊ ಗಾರಿ ಹಾಕುವುದು ದುಬಾರಿ. ಮೊದಲು ಓಉಚಿ ಗಾರಿ ತೋರಿಸಿ, ಅಂದರೆ ಅವರ ಎಡಗಾಲನ್ನು ಒಳಗಡೆಯಿಂದ ಬೀಸಲು ಹೋಗಿ. ಎಡಗಾಲು ಎತ್ತಿಕೊಂಡು ತಪ್ಪಿಸಿಕೊಳ್ಳುತ್ತಾರೆ. ಆಗ ಭಾರವೆಲ್ಲ ಬಲಗಾಲಿಗೆ ಬಂತು, ಅಲ್ವಾ? 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಯಸುಹಿರೊ ಯಮಾಶಿತಾ ಅವರ ಹಳೇ ವಿಡಿಯೊಗಳನ್ನು ಹುಡುಕಿ ನೋಡಿ. ಅವರು ಎಡಗಡೆಯಿಂದ ಹಾಕುತ್ತಿದ್ದವರು, ಹಾಗಾಗಿ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಳ್ಳಬೇಕು. ಕಾಲು ಬಿಡಿ, ಕೈಗಳನ್ನು ನೋಡಿ.

ಜಪಾನಿನ ಹಳೇ ಜೂಡೊ ಪಟು ಮಸಾಹಿಕೊ ಕಿಮುರಾ ಮರಕ್ಕೆ ಒಸೊಟೊ ಗಾರಿ ಹಾಕಿ ಅಭ್ಯಾಸ ಮಾಡುತ್ತಿದ್ದರು ಎಂಬ ಕಥೆಯನ್ನು ನೀವೂ ಕೇಳಿರಬಹುದು. ದಯವಿಟ್ಟು ನೀವು ಮಾಡಬೇಡಿ. ಮರ ಹಿಮ್ಮಡಿಯ ಮೇಲೆ ಭಾರ ಹಾಕುವುದಿಲ್ಲ.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ಉದ್ದ ಕಾಲಿನ ಒಬ್ಬರಿದ್ದಾರೆ. ಯಾವಾಗಲೂ ಒಸೊಟೊ ಗಾರಿಯಲ್ಲೇ ನನ್ನನ್ನು ಕೆಡವುತ್ತಾರೆ. ಬರುತ್ತೆ ಅಂತ ಗೊತ್ತಿದ್ದರೂ ತಡೆಯಲು ಆಗುತ್ತಿಲ್ಲ.

ಉತ್ತರ: ಬರುತ್ತೆ ಅಂತ ಗೊತ್ತಾದ ತಕ್ಷಣ ನೀವು ಹಿಂದಕ್ಕೆ ಬಾಗುತ್ತೀರಿ, ಅದೇ ತೊಂದರೆ. ಭಯವಾದಾಗ ಮೈ ತಾನಾಗಿ ಹಿಂದೆ ಸರಿಯುತ್ತದೆ. ಅವರಿಗೂ ಬೇಕಾದದ್ದು ಅದೇ.

ಮೊದಲ ಕೆಲಸ ನಿಮ್ಮ ಬಲತೋಳಿನದ್ದು. ಅವರು ತೋಳನ್ನು ಕೆಳಕ್ಕೆ ಕಟ್ಟಿಹಾಕದೆ ಈ ಪಟ್ಟು ಗಟ್ಟಿಯಾಗಿ ಕೂರುವುದಿಲ್ಲ. ಮೊಣಕೈ ಪಕ್ಕೆಗೆ ಒತ್ತಿಕೊಂಡಿರಿ, ಎಳೆತ ಶುರುವಾದರೆ ತೋಳು ಜಾಡಿಸಿ ಬಿಡಿಸಿಕೊಳ್ಳಿ. ಅವರ ಎಡಗಾಲು ನಿಮ್ಮ ಪಕ್ಕಕ್ಕೆ ಬಂದ ಕೂಡಲೇ ಬಲಗಾಲನ್ನು ಹಿಂದಕ್ಕೆ ತೆಗೆದು, ಮಂಡಿ ಬಗ್ಗಿಸಿ, ಎದೆ ಅವರ ಮೇಲೆ ಹಾಕಿ. ಈಗ ಅವರ ಕಾಲು ಎಷ್ಟೇ ಉದ್ದವಿದ್ದರೂ ಚಾಚಿ ಹುಡುಕಬೇಕು.

ಕಾಲು ಆಗಲೇ ಸಿಕ್ಕಿಬಿಟ್ಟಿದ್ದರೆ? ಆಗ ಒಸೊಟೊ ಗಾಯೆಶಿ, ಅಂದರೆ ಒಸೊಟೊ ಗಾರಿಗೆ ಮರುಪಟ್ಟು. ಎಡಗಾಲನ್ನು ಹಿಂದಕ್ಕೆ ಇಟ್ಟು ಗಟ್ಟಿ ಮಾಡಿಕೊಳ್ಳಿ, ಕೈಗಳಿಂದ ಅವರ ಭುಜಗಳನ್ನು ಅವರ ಬಲ ಹಿಂಭಾಗಕ್ಕೆ ತಿರುಗಿಸಿ, ಅದೇ ಬಲಗಾಲಿನಿಂದ ಅವರ ಬಲಗಾಲನ್ನು ಬೀಸಿ. ಮೇಲಿನ ಪ್ರಶ್ನೆ ಕೇಳಿದವರನ್ನು ಕೆಡವುತ್ತಿರುವುದು ಬಹುಶಃ ಇದೇ ಪಟ್ಟು.

ಎರಡೂ ಪಾದ ಗಾಳಿಗೆ ಹೋದ ಮೇಲೆ ಮಾತ್ರ ಜಗಳ ಬೇಡ. ನೆಲಕ್ಕೆ ಕೈ ಊರಬೇಡಿ, ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ. ಬೆನ್ನು ತಾಗಬಾರದು ಅಂತ ತಲೆ ಊರಿ ಕಮಾನಿನಂತೆ ಬಾಗಿದರೂ ಪ್ರಯೋಜನವಿಲ್ಲ, ಹಾಗೆ ಬಿದ್ದರೂ ಎದುರಾಳಿಗೆ ಇಪ್ಪೊನ್, ಅಂದರೆ ಪಂದ್ಯ ಗೆಲ್ಲಿಸುವ ಪೂರ್ಣ ಅಂಕ, ಸಿಗುತ್ತದೆ. ಕತ್ತಿಗೂ ಅಪಾಯ.

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಜೂಡೊಗೆ ಸೇರಿ ಸ್ವಲ್ಪ ದಿನವಾಗಿದೆ. ಈ ಪಟ್ಟಿನಲ್ಲಿ ತಲೆಗೆ ಪೆಟ್ಟಾಗುತ್ತೆ ಅಂತ ಯಾರೋ ಹೆದರಿಸಿದ್ದಾರೆ. ನಿಜವೇ?

ಉತ್ತರ: ನಿಜ, ಅಮ್ಮ. ಜಪಾನಿನಲ್ಲಿ ಜೂಡೊದ ಗಂಭೀರ ತಲೆಪೆಟ್ಟುಗಳನ್ನು ಪರಿಶೀಲಿಸಿದಾಗ ಹೆಚ್ಚಾಗಿ ಕಂಡದ್ದು ಹೊಸಬರು, ಪಟ್ಟುಗಳಲ್ಲಿ ಒಸೊಟೊ ಗಾರಿ. ನೇರ ಹಿಂದಕ್ಕೆ ಬೀಳುವುದರಿಂದ ನೆಲ ಕಾಣುವುದಿಲ್ಲ. ಜೂಡೊ ಪಟ್ಟುಗಳನ್ನು ಗುಂಪು ಮಾಡಿದ 1920ರ ಗೊಕ್ಯೊ ಪಟ್ಟಿಯ ಮೊದಲ ಗುಂಪಿನಲ್ಲೇ ಇದೆ ಅಂತ ಕೆಲವರು ಶುರುವಿನಲ್ಲೇ ಕಲಿಸುತ್ತಾರೆ. ನಾನು ಕಲಿಸುವುದಿಲ್ಲ. ಮಗು ಹಿಂದಕ್ಕೆ ಬೀಳುವಾಗ ಗಲ್ಲ ಎದೆಗೆ ಅಂಟಿಸಿ, ಕಣ್ಣು ತನ್ನ ಬೆಲ್ಟಿನ ಗಂಟಿನ ಮೇಲಿಟ್ಟು, ಎರಡೂ ಕೈಯಿಂದ ಮ್ಯಾಟಿಗೆ ಬಡಿಯುವುದು ಯೋಚನೆಯಿಲ್ಲದೆ ಬರಬೇಕು. ಅಲ್ಲಿವರೆಗೆ ಈ ಪಟ್ಟು ಬೇಡ ಅಂತ ಕೋಚ್‌ಗೆ ಹೇಳಿ, ಸಂಕೋಚ ಬೇಡ.

ಇನ್ನೊಂದನ್ನು ನೀವೇ ಕೂತು ಗಮನಿಸಿ. ಕೆಡವುವ ಮಗು ಕೊನೆವರೆಗೂ ಎದುರಿನ ಮಗುವಿನ ತೋಳು ಹಿಡಿದು ಮೇಲಕ್ಕೆ ಎಳೆಯುತ್ತದೆಯೇ, ಇಲ್ಲ ಬಿಟ್ಟುಬಿಡುತ್ತದೆಯೇ? ಬಿಡುವುದನ್ನು ಕೋಚ್ ನೋಡಿಯೂ ಸುಮ್ಮನಿದ್ದರೆ ಬೇರೆ ಕ್ಲಬ್ ಹುಡುಕಿ. ತಲೆಗೆ ಪೆಟ್ಟಾಗಿ ತಲೆನೋವು, ವಾಂತಿ, ಮಂಕು ಏನೇ ಕಂಡರೂ ಅವತ್ತೇ ಆಸ್ಪತ್ರೆ. ಡಾಕ್ಟರ್ ಸರಿ ಅನ್ನುವವರೆಗೆ ಮ್ಯಾಟಿಗೆ ಕಾಲಿಡುವಂತಿಲ್ಲ.

ಪ್ರಶ್ನೆ: ನಾನು ಒಸೊಟೊ ಗಾರಿ ಹಾಕಿದಾಗ ಗೆಳೆಯ ನನ್ನ ಕಾಲಿಗೆ ಕಾಲು ಸುತ್ತಿ ಹಿಂದಕ್ಕೆ ಬೀಳುತ್ತಾನೆ. ಇನ್ನೊಬ್ಬ ಬಗ್ಗಿ ಕೈಯಿಂದಲೇ ಕಾಲು ಹಿಡಿಯುತ್ತಾನೆ. ಇವೆಲ್ಲ ನಡೆಯುತ್ತಾ?

ಉತ್ತರ: ಎರಡೂ ನಡೆಯುವುದಿಲ್ಲ. ನಿಂತ ಆಟದಲ್ಲಿ ಕೈಯಿಂದ ಕಾಲು ಹಿಡಿಯುವುದಕ್ಕೆ ಅಂತರರಾಷ್ಟ್ರೀಯ ನಿಯಮಗಳು 2010ರಲ್ಲಿ ಕಡಿವಾಣ ಹಾಕಿ, 2013ರಲ್ಲಿ ಪೂರ್ತಿ ನಿಲ್ಲಿಸಿದವು. ಕಾಲು ಸುತ್ತಿ ಹಿಂದಕ್ಕೆ ಬೀಳುವುದು ಕವಾಝು ಗಾಕೆ. ಸಿಕ್ಕಿಬಿದ್ದ ಮಂಡಿಯ ಮೇಲೆ ಇಬ್ಬರ ಭಾರವೂ ಬೀಳುತ್ತದೆ, ಅದಕ್ಕೇ ನಿಷೇಧ. ಪಂದ್ಯದಲ್ಲಿ ಮಾಡಿದರೆ ರೆಫರಿ ನೇರವಾಗಿ ಹನ್ಸೊಕು ಮಾಕೆ (ಅನರ್ಹತೆ) ಕೊಟ್ಟು ಹೊರಗೆ ಕಳಿಸುತ್ತಾರೆ. ಗೆಳೆಯನಿಗೆ ಒಂದು ಸಲ ಹೇಳಿ ನೋಡಿ. ಕೇಳದಿದ್ದರೆ ಅವನ ಜೊತೆ ರಾಂಡೊರಿ ನಿಲ್ಲಿಸಿ.