ಮನೆ ವರ್ಕ್‌ಶಾಪಿನ ಕಂಪ್ರೆಸರ್‌ಗೆ ಗಾಳಿ ಸೋರದ ಕಪ್ಲರ್ (ಚುಚ್ಚಿ ತೆಗೆಯುವ ಜೋಡಣೆ) ಬೇಕು: ಹಿತ್ತಾಳೆಯದು ತಗೊಳ್ಳಲೋ, ಸ್ಟೀಲಿನದೋ?

ಸದ್ಯಕ್ಕೆ ಎರಡೂ ಬೇಡ. ಯಾವ ಟೂಲೂ ಬಳಸದೆ ಸುಮ್ಮನೆ ಬಿಟ್ಟರೂ ಕಂಪ್ರೆಸರ್ ಆಗಾಗ ತಾನೇ ಸ್ಟಾರ್ಟ್ ಆಗುತ್ತೆ, ಟೆಫ್ಲಾನ್ ಟೇಪ್ ಸುತ್ತಿದರೆ ಎರಡು ದಿನ ನಿಂತು ಮತ್ತೆ ಸೋರುತ್ತೆ ಅಂತ ಬರೆದಿದ್ದೀರಿ. ಆ ‘ಎರಡು ದಿನ ನಿಂತು’ ಅನ್ನೋದನ್ನು ಓದಿದ ಕೂಡಲೇ ನಿಮ್ಮ ತೊಂದರೆ ಕಪ್ಲರಿನದ್ದಲ್ಲ ಅಂತ ನನಗನ್ನಿಸಿತು. ನನ್ನ ಕಂಪ್ರೆಸರಿನದ್ದೂ ಇದೇ ಕಥೆ. ನಾನೂ ಕಪ್ಲರನ್ನೇ ಅನುಮಾನಿಸಿ ಹಿತ್ತಾಳೆಯದು ತೆಗೆದು ಸ್ಟೀಲಿನದು ಹಾಕಿದ್ದೆ. ಸೋರುತ್ತಿದ್ದದ್ದು ಅದರ ಹಿಂದಿನ ಥ್ರೆಡ್ಡು.

ಆಗಿದ್ದೇನೆಂದರೆ, ಒತ್ತಡ ಹೊಂದಿಸುವ ರೆಗ್ಯುಲೇಟರಿನ ಬಾಯಿ ಕಾಲು ಇಂಚು ಬಿಎಸ್‌ಪಿ, ಅಂದರೆ ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್. ಅದಕ್ಕೆ ತಿರುಗಿಸಿ ಹಾಕಲು ನಾನು ತಂದ ನಿಪ್ಪಲ್ ಕಾಲು ಇಂಚು ಎನ್‌ಪಿಟಿ, ಅಂದರೆ ಅಮೆರಿಕನ್ ಅಳತೆಯದು. ಎರಡರ ಪ್ಯಾಕೆಟ್ ಮೇಲೂ ‘ಕಾಲು ಇಂಚು’ ಅಂತಲೇ ಇತ್ತು, ಅಷ್ಟು ಸಾಕು ಅಂದುಕೊಂಡೆ. ಇಲ್ಲೇ ನಾನು ಕೆಟ್ಟಿದ್ದು, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಕಾಲು ಇಂಚಿನ ಬಿಎಸ್‌ಪಿಯಲ್ಲಿ ಒಂದು ಇಂಚಿಗೆ 19 ಸುತ್ತು, ಎನ್‌ಪಿಟಿಯಲ್ಲಿ 18. ಬಿಎಸ್‌ಪಿ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಹೊರವ್ಯಾಸ ಬಿಎಸ್‌ಪಿಯದು ಸುಮಾರು 13.2 ಮಿಲಿಮೀಟರ್, ಎನ್‌ಪಿಟಿಯದು ಸುಮಾರು 13.7. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಕೈಯಲ್ಲಿ ತಿರುಗಿಸಿದರೆ ಮೊದಲಿನ ಸುತ್ತುಗಳು ಹೋಗುತ್ತವೆ, ಆಮೇಲೆ ಬಿಗಿಯಾಗುತ್ತದೆ. ಆ ಬಿಗಿಯನ್ನು ನಾವು ‘ಚೆನ್ನಾಗಿ ಕೂತಿತು’ ಅಂತ ತಿಳಿಯುತ್ತೇವೆ. ನಿಜವಾಗಿ ಹಲ್ಲಿಗೆ ಹಲ್ಲು ಹೊಂದದೆ ಒಂದೆರಡು ಕಡೆ ಮಾತ್ರ ಒತ್ತಿಕೊಂಡಿರುತ್ತದೆ, ಉಳಿದ ಕಡೆ ಸುರುಳಿಯಾಗಿ ಗಾಳಿಗೆ ದಾರಿ ತೆರೆದೇ ಇರುತ್ತದೆ. ಟೇಪ್ ಆ ದಾರಿಯನ್ನು ತುಂಬುತ್ತದೆ. ಕಂಪ್ರೆಸರ್ ಅದುರಿ ಅದುರಿ ಟೇಪ್ ಜರುಗಿದ ಮೇಲೆ ಮತ್ತೆ ಉಸ್ ಅನ್ನುತ್ತದೆ. ಅಲ್ಲಿಗೆ ಎರಡು ದಿನದ ಲೆಕ್ಕ ಸರಿಹೋಯಿತಲ್ಲ?

ಅರ್ಧ ಇಂಚಿನದು ಇನ್ನೂ ಮೋಸ. ಅಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತೇ, ಹಾಗಾಗಿ ಸರಾಗವಾಗಿ ಒಳಗೆ ಹೋಗುತ್ತದೆ. ಕೋನ ಬೇರೆ ಇರುವುದರಿಂದ ಸೋರುವುದು ಮಾತ್ರ ತಪ್ಪುವುದಿಲ್ಲ.

ಸೋರಿದಾಗಲೆಲ್ಲ ನಾನು ಇನ್ನಷ್ಟು ಟೇಪ್ ಸುತ್ತಿ ಇನ್ನಷ್ಟು ಬಿಗಿ ಮಾಡುತ್ತಾ ಹೋದೆ. ಟೇಪರ್ ಥ್ರೆಡ್ (ತುದಿಯ ಕಡೆ ಸಣ್ಣದಾಗುತ್ತಾ ಹೋಗುವ ಥ್ರೆಡ್) ಅಂದರೆ ಬೆಣೆ ಇದ್ದ ಹಾಗೆ, ಒಳಗೆ ಹೋದಷ್ಟೂ ಸುತ್ತಲಿನ ಲೋಹವನ್ನು ಹೊರಕ್ಕೆ ಸೀಳುತ್ತದೆ. ರೆಗ್ಯುಲೇಟರಿನ ಬಾಡಿ ಎರಕದ್ದು, ಎಳೆದರೆ ಹಿಗ್ಗುವಂಥದ್ದಲ್ಲ. ಕೊನೆಗೊಂದು ಸಲ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಬಾಯಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ರೆಗ್ಯುಲೇಟರ್ ಹೋಯಿತು. ಒತ್ತಡ ತುಂಬಿದ್ದಾಗ ಅದು ಪೂರ್ತಿ ಒಡೆದಿದ್ದರೆ ಮುಖಕ್ಕೇ ಬರುತ್ತಿತ್ತು. ದಯವಿಟ್ಟು ಯಾವ ಜಾಯಿಂಟನ್ನು ಮುಟ್ಟುವ ಮುಂಚೆಯೂ ಗಾಳಿ ಪೂರ್ತಿ ಬಿಟ್ಟು, ಗೇಜ್ ಸೊನ್ನೆಗೆ ಬಂದದ್ದನ್ನು ನೋಡಿಕೊಳ್ಳಿ.

ಹಿತ್ತಾಳೆಯೋ ಸ್ಟೀಲೋ ಅನ್ನುವ ನಿಮ್ಮ ಪ್ರಶ್ನೆಗೆ ಬಂದರೆ, ಕಪ್ಲರಿನಲ್ಲಿ ಗಾಳಿ ತಡೆಯುವುದು ಲೋಹವಲ್ಲ, ಒಳಗಿರುವ ರಬ್ಬರ್. ಏನೂ ಚುಚ್ಚದಿದ್ದಾಗ ಸೋರಿದರೆ ಒಳಗಿನ ವಾಲ್ವಿನ ಸೀಲ್ ಹೋಗಿದೆ. ಪ್ಲಗ್ (ಕಪ್ಲರಿನೊಳಗೆ ಹೋಗುವ, ಟೂಲಿನ ಕಡೆಯ ತುಂಡು) ಚುಚ್ಚಿದಾಗ ಮಾತ್ರ ಸೋರಿದರೆ ಓ-ರಿಂಗ್, ಅಂದರೆ ಒಳಗಿನ ರಬ್ಬರ್ ಬಳೆ, ಸವೆದಿದೆ, ಇಲ್ಲವೇ ಪ್ಲಗ್ಗಿನ ಮೂತಿಯಲ್ಲಿ ಗೀರು ಬಿದ್ದಿದೆ. ಪ್ಲಗ್ ಮಾತ್ರ ಸ್ಟೀಲಿನದ್ದೇ ಇರಲಿ ಅನ್ನುತ್ತೇನೆ, ನೆಲಕ್ಕೆ ಬಿದ್ದು ಪೆಟ್ಟು ತಿನ್ನುವುದು ಅದೇ. ಮತ್ತೆ, ಪ್ಲಗ್ಗಿನ ಆಕಾರದಲ್ಲೂ ನಾನಾ ನಮೂನೆಗಳಿವೆ. ಕೆಲವು ಬೇರೆ ನಮೂನೆಯ ಕಪ್ಲರಿಗೆ ಕಚ್ಚಿಕೊಂಡರೂ ಸೋರುತ್ತವೆ. ಒಂದೇ ನಮೂನೆ ಆರಿಸಿ, ಎಲ್ಲ ಟೂಲಿಗೂ ಅದನ್ನೇ ಹಾಕಿ. ಬಗೆಬಗೆಯ ಫಿಟ್ಟಿಂಗ್ ತುಂಬಿದ ಡಬ್ಬಿ ಸೆಟ್ ಕೊಳ್ಳಲೇಬೇಡಿ. ಥ್ರೆಡ್ ಯಾವುದೆಂದು ಬರೆಯದ ಸೆಟ್ ಅಂತೂ ಬೇಡವೇ ಬೇಡ.

ಈಗ ಕಂಪ್ರೆಸರ್ ಹತ್ತಿರ ಹೋಗಿ ಮೊದಲು ಒಂದು ಕೆಲಸ ಮಾಡಿ. ಟ್ಯಾಂಕ್ ತುಂಬಿಸಿ, ಸ್ವಿಚ್ ಆಫ್ ಮಾಡಿ, ಟ್ಯಾಂಕಿನಿಂದ ಹೊರಬರುವ ಬಾಲ್ ವಾಲ್ವ್ ಮುಚ್ಚಿ. ಆಗಲೂ ಗೇಜ್ ಇಳಿಯುತ್ತಿದ್ದರೆ ಹೋಸ್, ಕಪ್ಲರ್ ಯಾವುದಕ್ಕೂ ಕೈ ಹಾಕಬೇಡಿ. ಪ್ರೆಷರ್ ಸ್ವಿಚ್ಚಿನ ಪಕ್ಕದ ಸಣ್ಣ ರಿಲೀಸ್ ವಾಲ್ವಿನಿಂದ ಗಾಳಿ ಬರುತ್ತಲೇ ಇದ್ದರೆ ಬಹುತೇಕ ಚೆಕ್ ವಾಲ್ವ್ (ಟ್ಯಾಂಕಿನ ಗಾಳಿ ಹಿಂದಕ್ಕೆ ಬರದಂತೆ ತಡೆಯುವುದು) ಕೆಟ್ಟಿದೆ. ವಾಲ್ವ್ ಮುಚ್ಚಿದಾಗ ಗೇಜ್ ನಿಂತರೆ ಸೋರಿಕೆ ಅದರ ಆಚೆಗಿದೆ. ಆಗ ವಾಲ್ವ್ ಮತ್ತೆ ತೆರೆದರೆ ಎಷ್ಟು ಸೋರುತ್ತದೆ ಅಂತಲೂ ತಿಳಿಯಬಹುದು: 50 ಲೀಟರ್ ಟ್ಯಾಂಕು 8 ಬಾರ್‌ನಿಂದ 7ಕ್ಕೆ ಇಳಿದರೆ ಸುಮಾರು 50 ಲೀಟರ್ ಹೊರಗಿನ ಗಾಳಿಯಷ್ಟು ಹೋಯಿತು. ಅದು 10 ನಿಮಿಷದಲ್ಲಿ ಆದರೆ ನಿಮಿಷಕ್ಕೆ 5 ಲೀಟರ್. ಆಮೇಲೆ ಬ್ರಷ್ಷಿನಲ್ಲಿ ಸೋಪಿನ ನೀರು ತಗೊಂಡು ಒಂದೊಂದೇ ಜಾಯಿಂಟಿಗೆ ಹಚ್ಚಿ, ಎಲೆಕ್ಟ್ರಿಕ್ ಸ್ವಿಚ್ಚಿನ ಕಡೆ ತಾಗದಂತೆ.

ನೊರೆ ಥ್ರೆಡ್ಡಿನಲ್ಲೇ ಎದ್ದರೆ ಬಿಚ್ಚಿ, ಒರೆಸಿ, ಯಾವ ಥ್ರೆಡ್ ಅಂತ ಖಚಿತ ಗೊತ್ತಿರುವ ಇನ್ನೊಂದು ಫಿಟ್ಟಿಂಗನ್ನು ಅದರ ಪಕ್ಕಕ್ಕೆ ಒತ್ತಿ ಬೆಳಕಿಗೆ ಹಿಡಿಯಿರಿ. ಹಲ್ಲಿನೊಳಗೆ ಹಲ್ಲು ಕೂತು ಸಂದಿಯಲ್ಲಿ ಬೆಳಕು ಕಾಣದಿದ್ದರೆ ಎರಡೂ ಒಂದೇ ಜಾತಿ. ಥ್ರೆಡ್ ಗೇಜ್ (ಹಲ್ಲು ಅಳೆಯುವ ಪಟ್ಟಿಗಳು) ಇದ್ದರೆ ಇನ್ನೂ ಒಳ್ಳೆಯದು. ಥ್ರೆಡ್ ಉದ್ದಕ್ಕೂ ಒಂದೇ ದಪ್ಪವಿದ್ದು, ಬುಡದಲ್ಲಿ ಚಪ್ಪಟೆ ಅಂಚಿದ್ದರೆ ಅದು ಸಮ ಥ್ರೆಡ್. ಅದಕ್ಕೆ ಬೇಕಾದದ್ದು ಆ ಅಂಚಿನಲ್ಲಿ ಕೂರುವ ರಬ್ಬರ್ ವಾಷರ್ ಅಥವಾ ಓ-ರಿಂಗ್, ಟೇಪ್ ಅಲ್ಲ. ಟೇಪರ್ ಥ್ರೆಡ್ಡಿಗೆ ಟೇಪ್ ಮೂರು ನಾಲ್ಕು ಸುತ್ತು ಸಾಕು. ಥ್ರೆಡ್ಡಿನ ತುದಿ ನಿಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ಮೊದಲ ಹಲ್ಲು ಖಾಲಿ ಬಿಡಿ, ಇಲ್ಲದಿದ್ದರೆ ಟೇಪಿನ ಚೂರು ಹೋಗಿ ಟೂಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಗಿ ಮಾಡಿದ ಮೇಲೆ ನೇರ ಮಾಡಲು ಅಂತ ಹಿಂದಕ್ಕೆ ತಿರುಗಿಸಿದರೆ ಆ ಟೇಪ್ ಕೆಲಸಕ್ಕೆ ಬಾರದು, ಬಿಚ್ಚಿ ಹೊಸದು ಸುತ್ತಿ.

ಚೂರೂ ಗಾಳಿ ಸೋರದ ಲೈನ್ ಬೇಕು ಅನ್ನುವ ನಿಮ್ಮ ಹಟವನ್ನು ನಾನು ಒಪ್ಪುವುದಿಲ್ಲ. ಚುಚ್ಚಿ ತೆಗೆಯುವ ಕಪ್ಲರ್ ಒಂದಲ್ಲ ಒಂದು ದಿನ ಸೋರಿಯೇ ಸೋರುತ್ತದೆ. ಮನೆಯ ಕೆಲಸಕ್ಕೆ ಜಾಯಿಂಟುಗಳು ಕಡಿಮೆ ಇರಲಿ, ಅಡಾಪ್ಟರ್ ಮೇಲೆ ಅಡಾಪ್ಟರ್ ಬೇಡ. ಕೆಲಸ ಮುಗಿದ ಮೇಲೆ ಬಾಲ್ ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ, ಹೋಸಿನಲ್ಲಿರುವ ಗಾಳಿ ಬಿಟ್ಟುಬಿಡಿ. ಹೋಸಿಗೂ ಒಳ್ಳೆಯದು, ರಾತ್ರಿ ಕಂಪ್ರೆಸರ್ ತಾನೇ ಸ್ಟಾರ್ಟ್ ಆಗುವುದೂ ನಿಲ್ಲುತ್ತದೆ. ಲೈನ್ ಉದ್ದ ಮಾಡಲು ನೀರಿನ ಪಿವಿಸಿ ಪೈಪ್ ಮಾತ್ರ ಎಂದಿಗೂ ಹಾಕಬೇಡಿ, ಗಾಳಿಯ ಒತ್ತಡಕ್ಕೆ ಅದು ಸಿಡಿದು ಚೂರಾಗಬಹುದು.

ಸೋಪಿನ ನೀರಿಗೆ ನೊರೆ ಎಲ್ಲಿ ಬಂತು ಅಂತ ನೋಡಿ, ಆ ಜಾಗದ ಎರಡೂ ಫಿಟ್ಟಿಂಗ್ ಬಿಚ್ಚಿ ಅಕ್ಕಪಕ್ಕ ಇಟ್ಟು ಫೋಟೋ ಹಾಕಿ. ಥ್ರೆಡ್ ಯಾವುದು ಅಂತ ನೋಡಿ ಹೇಳುತ್ತೇನೆ.